ಗುದ್ದಬೇಕಾದ ಕಾರಿಗೊಂದು ಬಿನ್ನಹ

ತಾಕ್ ಬೊಂಗ್‌ಪಿಲ್ ಆ ದಿನ ಮಾಡಿದ ತಪ್ಪು ಅಂಥ ದೊಡ್ಡದೇನಲ್ಲ. ಪೂಜೆಯಲ್ಲಿ ಓದಬೇಕಾದ ಬಿನ್ನಹವನ್ನು ಹೊಸದಾಗಿ ಬರೆಯುವ ಬದಲು, ಆರು ವರ್ಷದ ಹಿಂದೆ ತನ್ನ ಪುಟ್ಟ ಕಾರು ಕೊಂಡಾಗ ಓದಿದ್ದ ಹಳೆಯದನ್ನೇ ನಕಲು ಮಾಡಿಕೊಂಡು ಬಂದ. ಕಾರಿನ ಹೆಸರನ್ನು ಬದಲಾಯಿಸಿದ, ತಾರೀಖನ್ನು ಬದಲಾಯಿಸಿದ. ಉಳಿದದ್ದನ್ನು ಓದಿ ನೋಡಲಿಲ್ಲ. ದೇವರಾದರೋ ಎಂದಿನಂತೆ ಪೂರ್ತಿ ಕೇಳಿಸಿಕೊಂಡ.

ಬೊಂಗ್‌ಪಿಲ್ ಕೆಲಸ ಮಾಡುತ್ತಿದ್ದದ್ದು ಹ್ವಾಸೊಂಗ್ ಊರಾಚೆ, ಒಂದು ಕಾರು ಕಂಪನಿಯ ಪರೀಕ್ಷಾಶಾಲೆಯಲ್ಲಿ. ಹೊಸ ಮಾದರಿಯ ಕಾರನ್ನು ಗೋಡೆಗೆ ಗುದ್ದಿಸಿ, ಒಳಗೆ ಕೂತವರ ತಲೆ, ಎದೆ, ಮೊಣಕಾಲಿಗೆ ಏನಾಗುತ್ತದೆ ಎಂದು ಅಳೆಯುವ ಜಾಗ ಅದು. ಕಾಗದಪತ್ರಗಳಲ್ಲಿ ಅದಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿತ್ತು. ಅಲ್ಲಿನವರು ಕರೆಯುತ್ತಿದ್ದದ್ದು ಗುದ್ದುಮನೆ ಎಂದು. ಹದಿನಾಲ್ಕು ವರ್ಷಗಳಿಂದ ಬೊಂಗ್‌ಪಿಲ್ ಕಾರುಗಳನ್ನು ಮದುವಣಗಿತ್ತಿಯಂತೆ ಸಿಂಗರಿಸಿ ಗೋಡೆಗೆ ಧಾರೆಯೆರೆದು ಕೊಡುತ್ತ ಬಂದಿದ್ದ.

ಅಂದು ಗುದ್ದಬೇಕಾಗಿದ್ದದ್ದು ಸಾನ್‌ಮಾರು ಎಂಬ ಕಾರು; ದೊಡ್ಡ ಕುಟುಂಬಗಳಿಗೆಂದು ಮಾಡಿದ್ದು. ಮೂರು ಸಾಲು ಸೀಟು, ಮೆತ್ತನೆಯ ಚರ್ಮದ ಹೊದಿಕೆ, ಅಜ್ಜ ಅಜ್ಜಿಯರ ಬೆನ್ನು ನೀವುವ ಯಂತ್ರ, ಎಲ್ಲವೂ ಇದ್ದ ಕಾರು. ಸರಕಾರದವರ ಪರೀಕ್ಷೆಗೆ ಕಳಿಸುವ ಮುಂಚೆ ಕಂಪನಿಯೊಳಗಿನ ಕೊನೆಯ ಪರೀಕ್ಷೆ. ಮಧ್ಯಾಹ್ನ ಮೂರು ಗಂಟೆಗೆ ಎಪ್ಪತ್ತೆಂಟು ವರ್ಷದ ಅಧ್ಯಕ್ಷರು ಖುದ್ದಾಗಿ ಬಂದು ಫಲಿತಾಂಶ ನೋಡುವವರಿದ್ದರು.

ಗುದ್ದುಮನೆಯ ಮುಖ್ಯಸ್ಥರಾದ ಯೊಮ್ ಸಾಹೇಬರು ಹಿಂದಿನ ದಿನವೇ ಬೊಂಗ್‌ಪಿಲ್‌ನನ್ನು ಕರೆದು ಮಾತು ಸ್ಪಷ್ಟ ಮಾಡಿದ್ದರು.

"ನೋಡಿ ಬೊಂಗ್‌ಪಿಲ್, ನಿಮ್ಮ ವರ್ಗದ ಕಾಗದ ನನ್ನ ಮೇಜಿನ ಮೇಲಿದೆ. ನಾಳೆ ಸಾನ್‌ಮಾರು ನೆಟ್ಟಗೆ ಗುದ್ದಿ, ಐದು ನಕ್ಷತ್ರದ ಅಂಕ ಬಂತು ಅಂದ್ರೆ ಸಂಜೆಗೆ ಸಹಿ. ನೀವು ಸಿಯೋಲ್‌ಗೆ, ಮುಖ್ಯ ಕಚೇರಿಗೆ."

"ಬರದಿದ್ರೆ ಸರ್?"

"ಕಾಗದದಲ್ಲಿ ಊರಿನ ಹೆಸರಿನ ಜಾಗ ಖಾಲಿ ಬಿಟ್ಟಿದೀನಿ. ಉಪ್ಪುಗುಂಡಿ ಅಂತ ತುಂಬಿಸ್ತೀನಿ."

ಉಪ್ಪುಗುಂಡಿ ಇದ್ದದ್ದು ದಕ್ಷಿಣದ ತುದಿಯಲ್ಲಿ, ಕಡಲ ದಂಡೆಯಲ್ಲಿ. ಅಲ್ಲಿ ಕಾರುಗಳನ್ನು ದಿನವಿಡೀ ಉಪ್ಪುನೀರಿನಲ್ಲಿ ಓಡಿಸಿ ಎಷ್ಟು ಬೇಗ ತುಕ್ಕು ಹಿಡಿಯುತ್ತವೆ ಎಂದು ನೋಡುತ್ತಿದ್ದರು. ಅಲ್ಲಿಗೆ ಹೋದ ಮನುಷ್ಯರೂ ಎರಡು ವರ್ಷದಲ್ಲಿ ಕೀಲು ಕೀಲೂ ಕಿರುಗುಟ್ಟುತ್ತ ನಡೆಯುತ್ತಾರೆ ಎಂದು ಪ್ರತೀತಿ.

ಬೊಂಗ್‌ಪಿಲ್‌ನ ಹೆಂಡತಿಗೆ ಉಪ್ಪುಗುಂಡಿಯ ಮಾತು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಸಿಯೋಲ್ ಒಂದೇ. ಅಪಾರ್ಟ್‌ಮೆಂಟಿನ ಹನ್ನೆರಡು ಮಹಡಿಗೂ ಆಗಲೇ ಸುದ್ದಿ ಮುಟ್ಟಿಸಿದ್ದಳು. ಸಿಯೋಲ್‌ನ ಮನೆಯಲ್ಲಿ ಜಾಗ ಸಾಲದು ಎಂದು ಅತ್ತೆಯ ಕಾಲದ ಕಿಮ್ಚಿ ಜಾಡಿಗಳನ್ನೂ ನೆರೆಯವರಿಗೆ ಹಂಚತೊಡಗಿದ್ದಳು. ಚಳಿಗಾಲಕ್ಕೆಂದು ಎಲೆಕೋಸಿಗೆ ಉಪ್ಪು ಖಾರ ಬೆರೆಸಿ ಕಿಮ್ಚಿ ಹಾಕುವ ಕಾಲಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು.

ಬೆಳಗ್ಗೆ ಒಂಬತ್ತಕ್ಕೆ ಪೂಜೆ. ಕಾರಿನ ಮುಂದೆ ಮೇಜು, ಮೇಜಿನ ಮೇಲೆ ಅಕ್ಕಿಯ ಕಡುಬು, ಸೇಬು, ಬೇಯಿಸಿದ ಹಂದಿತಲೆ. ಹಂದಿತಲೆಯನ್ನು ಆರಿಸಿ ತಂದವರು ಊಟದ ಮನೆಯ ಓಕ್‌ಬುನ್ ದೊಡ್ಡಮ್ಮ. ನಗುಮುಖದ್ದೇ ಬೇಕು ಎಂದು ಅವರು ಸಂತೆಯಲ್ಲಿ ಹದಿನೇಳು ತಲೆಗಳನ್ನು ತಿರುವಿ ಮುರುವಿ ನೋಡಿದ್ದರಂತೆ. ಆರಿಸಿದ್ದು ನಿಜವಾಗಿಯೂ ನಗುತ್ತಿತ್ತು, ಯಾರದೋ ಗುಟ್ಟು ಗೊತ್ತಿರುವಂತೆ.

"ಇದು ದಾರ ಸುತ್ತಿದ ಒಣಮೀನು. ಕೆಟ್ಟದ್ದು ಬರದ ಹಾಗೆ ಕಾರಿನೊಳಗೆ ಕಟ್ಟಪ್ಪಾ," ಎಂದು ದೊಡ್ಡಮ್ಮ ಬಿಳಿ ನೂಲಿನ ಉಂಡೆಯೊಳಗಿಂದ ಬಾಯಿ ತೆರೆದುಕೊಂಡು ಇಣುಕುತ್ತಿದ್ದ ಮೀನನ್ನು ಮುಂದೆ ಹಿಡಿದರು.

"ಒಳಗೆ ಕಟ್ಟೋ ಹಾಗಿಲ್ಲ ದೊಡ್ಡಮ್ಮ. ಒಂದೊಂದು ಗ್ರಾಮೂ ತೂಕ ಮಾಡಿ ಇಟ್ಟಿದೀನಿ. ಮೀನು ಸೇರಿದ್ರೆ ಲೆಕ್ಕ ತಪ್ಪತ್ತೆ."

"ದೇವರ ಮೀನಿಗೂ ತೂಕವಾ?"

ಕೊನೆಗೆ ಮೀನನ್ನು ಪಕ್ಕದ ಗಾಜಿನ ಕೋಣೆಯ ಬಾಗಿಲಿಗೆ ತೂಗುಹಾಕಿದರು. ಅದು ಅಲ್ಲಿಂದಲೇ ಇಡೀ ದಿನದ ಕಾರ್ಯಕ್ರಮವನ್ನು ನೋಡಿತು.

ಎಲ್ಲರೂ ಬಾಗಿ ನಿಂತರು. ಬೊಂಗ್‌ಪಿಲ್ ಬಿನ್ನಹ ಬಿಚ್ಚಿ ರಾಗವಾಗಿ ಓದಿದ.

"ಬೆಟ್ಟದೊಡೆಯನೇ, ನೆಲದೊಡೆಯನೇ, ಸಾನ್‌ಮಾರು ಎಂಬ ಈ ವಾಹನವನ್ನು ನಿನ್ನ ಮಡಿಲಿಗೆ ಹಾಕಿದ್ದೇವೆ. ಇದು ಎಲ್ಲಿಯೂ ಯಾವುದಕ್ಕೂ ತಾಗದಿರಲಿ. ಎದುರಿಗೆ ಏನೇ ಬಂದರೂ ನೀನೇ ಮುಂದೆ ನಿಂತು, ಕೈ ಅಡ್ಡ ಹಿಡಿದು ನಿಲ್ಲಿಸು. ಒಳಗೆ ಕೂತವರ ಕೂದಲೂ ಕೊಂಕದಿರಲಿ. ಈ ಅಲ್ಪ ಕಾಣಿಕೆಯನ್ನು ಒಪ್ಪಿಸಿಕೋ."

ಯಂತ್ರಗಳ ಉಸ್ತುವಾರಿಯ ಮಿನ್ ಹೇರಿಮ್ ಮುಖ ತಗ್ಗಿಸಿಕೊಂಡೇ ಕಿಸಕ್ಕೆಂದಳು. ಯೊಮ್ ಸಾಹೇಬರ ಮನಸ್ಸು ಅಧ್ಯಕ್ಷರಿಗೆ ಯಾವ ಕುರ್ಚಿ ಹಾಕಿಸಬೇಕು ಎಂಬುದರಲ್ಲಿತ್ತು. ಆಮೇಲೆ ಅಕ್ಕಿ ಹೆಂಡದ ಕೆಟಲನ್ನು ಎತ್ತಿಕೊಂಡು ಚಕ್ರಗಳಿಗೆ ಅಷ್ಟಷ್ಟು ಹನಿಸುವ ಶಾಸ್ತ್ರ. ಬೊಂಗ್‌ಪಿಲ್‌ಗೆ ಸಿಯೋಲ್‌ನ ನೆನಪಾಯಿತು. ಭಕ್ತಿಯಲ್ಲಿ ಜಿಪುಣತನ ಬೇಡವೆಂದು ಮುಂದಿನ ಚಕ್ರಗಳ ನಡುವೆ ಕೆಟಲನ್ನು ಪೂರ್ತಿ ಬಗ್ಗಿಸಿದ. ಬಿಳಿ ಹೆಂಡ ಗುಳುಗುಳು ಹರಿದು ನೆಲದ ಸೀಳಿನೊಳಗೆ ಇಳಿದುಹೋಯಿತು.

ಈ ಸೀಳಿನ ವಿಷಯ ಹೇಳಬೇಕು. ಗುದ್ದುಮನೆಯ ನೆಲದಲ್ಲಿ ಈ ಕೊನೆಯಿಂದ ಗೋಡೆಯವರೆಗೆ ಒಂದು ಸೀಳು. ಅದರೊಳಗೆ ಓಡುವ ಉಕ್ಕಿನ ಹಗ್ಗ ಕಾರನ್ನು ಎಳೆದುಕೊಂಡು ಹೋಗುತ್ತದೆ. ಸೀಳಿನ ಅಂಚಿನಲ್ಲಿ ಅಲ್ಲಲ್ಲಿ ಅಂಗಿಗುಂಡಿಯಷ್ಟು ದೊಡ್ಡ ಗಾಜಿನ ಕಣ್ಣುಗಳು. ದಾರಿಯಲ್ಲಿ ಮನುಷ್ಯರೋ ಮರೆತುಹೋದ ಏಣಿಯೋ ಇದೆ ಎಂದು ಅವಕ್ಕೆ ತೋರಿದರೆ ಹಗ್ಗ ಕಳಚಿಕೊಂಡು ಕಾರಿಗೆ ತಾನಾಗಿಯೇ ಬ್ರೇಕ್ ಬೀಳುತ್ತದೆ. ಆ ಕಣ್ಣುಗಳನ್ನು ದಿನಾ ಬೆಳಗ್ಗೆ ಒರೆಸುವುದು ಬೊಂಗ್‌ಪಿಲ್‌ನ ಕೆಲಸ. ಅಂದೂ ಏಳು ಗಂಟೆಗೇ ಒರೆಸಿ ಪಟ್ಟಿಯಲ್ಲಿ ಗುರುತು ಹಾಕಿದ್ದ.

ಹತ್ತೂವರೆಗೆ ಎಲ್ಲ ಸಿದ್ಧವಾಯಿತು. ತಂದೆಗೊಂಬೆ ಚುಕ್ಕಾಣಿ ಹಿಡಿದು ಕೂತಿತ್ತು, ಪಕ್ಕದಲ್ಲಿ ತಾಯಿಗೊಂಬೆ, ಹಿಂದೆ ಎರಡು ಮಕ್ಕಳ ಗೊಂಬೆ. ಎಲ್ಲಿ ಬಡಿಯಿತೆಂದು ಗುರುತು ಸಿಗಲು ತಂದೆಯ ಮೂಗಿಗೆ ನೀಲಿ ಬಣ್ಣ, ತಾಯಿಯ ಹಣೆಗೆ ಹಳದಿ, ಮಕ್ಕಳ ಗಲ್ಲಕ್ಕೆ ಕೆಂಪು. ಹಬ್ಬಕ್ಕೆ ತವರಿಗೆ ಹೊರಟು ದಾರಿಯಲ್ಲಿ ಜಗಳವಾಡಿ ಮಾತು ಬಿಟ್ಟ ಸಂಸಾರದಂತೆ ನಾಲ್ವರೂ ನೇರ ಮುಂದೆ ನೋಡುತ್ತಿದ್ದರು. ದೊಡ್ಡ ದೀಪಗಳು ಹೊತ್ತಿಕೊಂಡವು. ಎಲ್ಲರೂ ಗಾಜಿನ ಕೋಣೆ ಸೇರಿದರು.

"ಐದು, ನಾಲ್ಕು, ಮೂರು, ಎರಡು, ಒಂದು," ಎಂದಳು ಹೇರಿಮ್.

ಸಾನ್‌ಮಾರು ಹೊರಟಿತು. ಮೂವತ್ತು ಹೆಜ್ಜೆ ಹೋಯಿತು. ಕೀಚ್ ಎಂದು ನಿಂತಿತು. ಗೊಂಬೆಗಳು ನಾಲ್ಕೂ ಒಟ್ಟಿಗೆ ತಲೆಯಾಡಿಸಿದವು.

"ಏನಾಯ್ತು?"

ಹೇರಿಮ್ ಪರದೆ ನೋಡಿದಳು. "ಮುಂದೆ ಏನೋ ಇದೆ ಅಂತ ಬರ್ತಿದೆ ಸರ್."

ಎಲ್ಲರೂ ಹೊರಗೆ ಬಂದು ನೋಡಿದರು. ಕಾರಿನಿಂದ ಗೋಡೆಯವರೆಗೆ ನುಣ್ಣನೆಯ ನೆಲ. ಒಂದು ಇರುವೆಯೂ ಇರಲಿಲ್ಲ.

"ಕಣ್ಣು ಒರೆಸಿದ್ರಾ?" ಎಂದರು ಯೊಮ್ ಸಾಹೇಬರು.

"ನಾನೇ ಒರೆಸಿದೀನಿ ಸರ್. ಪಟ್ಟಿಯಲ್ಲಿ ಗುರುತಿದೆ ನೋಡಿ."

ಪಟ್ಟಿಯಲ್ಲಿ ಗುರುತಿದ್ದ ಮೇಲೆ ಬಗ್ಗಿ ನೋಡುವ ಪದ್ಧತಿ ಅಲ್ಲಿರಲಿಲ್ಲ. ಕಾರನ್ನು ಹಿಂದಕ್ಕೆ ತಳ್ಳಿದರು. ಗೊಂಬೆಗಳ ಭುಜ, ಮೊಣಕಾಲು, ಗಲ್ಲಗಳನ್ನು ಮತ್ತೆ ಅಳತೆ ಹಿಡಿದು ಕೂರಿಸುವ ಹೊತ್ತಿಗೆ ಹನ್ನೆರಡೂವರೆಯಾಯಿತು. ಬೊಂಗ್‌ಪಿಲ್‌ನ ಫೋನಿಗೆ ಹೆಂಡತಿಯಿಂದ ಸಂದೇಶ ಬಂತು. ಗಡಿಗೆಯಾಕಾರದ ದೊಡ್ಡ ಜಾಡಿಯನ್ನು ಮೂರನೆಯ ಮಹಡಿಯ ಬ್ಯೊನ್ ಅವರಿಗೇ ಕೊಟ್ಟುಬಿಟ್ಟೆ, ಪಾಪ ತುಂಬ ಆಸೆಪಟ್ಟರು.

ಎರಡನೆಯ ಸಲ ಸಾನ್‌ಮಾರು ಇನ್ನೂ ರಭಸವಾಗಿ ಹೊರಟಿತು. ಕಾರು ಅರ್ಧ ದಾರಿ ದಾಟಿತು, ಮುಕ್ಕಾಲು ದಾಟಿತು, ಗೋಡೆ ಹತ್ತಿರ ಬಂತು. ಕೀಚ್. ಗೋಡೆಗೆ ಇನ್ನು ನಾಲ್ಕು ಮಾರು ಇರುವಾಗ, ದೊಡ್ಡವರ ಮನೆ ಬಾಗಿಲಲ್ಲಿ ಸಂಕೋಚಪಟ್ಟು ನಿಂತ ಬಡ ನೆಂಟನಂತೆ ನಿಂತುಕೊಂಡಿತು.

"ಮುಂದೆ ಏನೋ ಇದೆ," ಎಂದು ಓದಿದಳು ಹೇರಿಮ್.

"ಏನಿದೆ ಅಲ್ಲಿ? ಏನೂ ಇಲ್ವಲ್ರೀ!"

ಊಟಕ್ಕೆ ಕರೆಯಲು ಬಂದಿದ್ದ ಓಕ್‌ಬುನ್ ದೊಡ್ಡಮ್ಮ ಬಾಗಿಲಲ್ಲೇ ಕೈ ಜೋಡಿಸಿ ನಿಂತಿದ್ದರು. "ಏನೂ ಇಲ್ಲ ಅಂತ ಯಾಕಂತೀರಾ? ಯಂತ್ರಕ್ಕೆ ಕಾಣಿಸ್ತಿದೆ. ನಮಗೆ ಕಾಣಿಸಲ್ಲ, ಅಷ್ಟೆ."

"ಯಾರು ದೊಡ್ಡಮ್ಮ?"

"ಕೈ ಅಡ್ಡ ಹಿಡಿದು ನಿಲ್ಲಿಸು ಅಂತ ಬೇಡ್ಕೊಂಡಿದ್ದು ನೀವೇ ತಾನೆ? ನಿಂತಿದಾರೆ ಪಾಪ, ಬೆಳಗ್ಗೆಯಿಂದ."

ಯೊಮ್ ಸಾಹೇಬರು ನಿಧಾನವಾಗಿ ಕೈ ಚಾಚಿದರು. ಬೊಂಗ್‌ಪಿಲ್ ಜೇಬಿನಿಂದ ಬಿನ್ನಹ ತೆಗೆದುಕೊಟ್ಟ. ಸಾಹೇಬರು ಓದಿದರು. ಓದುತ್ತ ಓದುತ್ತ ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

"ರೀ ಬೊಂಗ್‌ಪಿಲ್! ಹದಿನಾಲ್ಕು ವರ್ಷದಿಂದ ಕಾರು ಗುದ್ದಿಸೋದೇ ನಿಮ್ಮ ಹೊಟ್ಟೆಪಾಡು. ಹೋಗಿ ಹೋಗಿ ದೇವರ ಹತ್ರ ಗುದ್ದಬಾರ್ದು ಅಂತ ಕೇಳ್ಕೊಂಡಿದೀರಾ?"

"ಹಳೇದನ್ನ ನೋಡ್ಕೊಂಡು ಬರೆದೆ ಸರ್. ಅದು ರಸ್ತೇಲಿ ಓಡೋ ಕಾರಿಂದು."

"ಆ ಕಾರು ಯಾವತ್ತಾದ್ರೂ ಗುದ್ದಿದೆಯಾ?" ಎಂದು ಹೇರಿಮ್ ಕೇಳಿದಳು.

"ಇಲ್ಲಮ್ಮ. ಆರು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ."

"ಹಾಗಾದ್ರೆ ಬಿನ್ನಹ ಚೆನ್ನಾಗಿಯೇ ಇದೆ ಬಿಡಿ. ಕಾರು ತಪ್ಪು."

ಯೊಮ್ ಸಾಹೇಬರು ಯಂತ್ರಶಾಸ್ತ್ರದಲ್ಲಿ ಜರ್ಮನಿಯವರೆಗೂ ಹೋಗಿ ಓದಿ ಬಂದವರು. ಗಡಿಯಾರ ನೋಡಿದರು, ಖಾಲಿ ನೆಲ ನೋಡಿದರು, ಮತ್ತೆ ಗಡಿಯಾರ ನೋಡಿದರು. "ನಾನು ಇದನ್ನೆಲ್ಲ ನಂಬೋನಲ್ಲ," ಎಂದರು. "ಆದ್ರೆ ಕ್ಷಮೆ ಕೇಳೋದ್ರಲ್ಲಿ ತಪ್ಪೇನಿದೆ? ದೊಡ್ಡಮ್ಮ, ಏನು ಮಾಡ್ಬೇಕು ಹೇಳಿ."

ದೊಡ್ಡಮ್ಮ ವಿಧಿ ಹೇಳಿದರು. ಹೊಸ ಕಾಗದ, ಅದೇ ಮನುಷ್ಯನ ಕೈಬರಹ. ಮೊದಲು ತಪ್ಪೊಪ್ಪಿಗೆ, ಆಮೇಲೆ ಬೇಡಿಕೆ. ಬರೀ ಬಗ್ಗಿದರೆ ಸಾಲದು, ಹಣೆ ನೆಲಕ್ಕೆ ಮುಟ್ಟಬೇಕು. ಕಾಣಿಕೆಯನ್ನು ಮತ್ತೆ ಇಡಬೇಕು.

"ಹಂದಿತಲೆ ಎಲ್ಲಿ?"

ದೊಡ್ಡಮ್ಮನ ಮುಖ ಸಣ್ಣಗಾಯಿತು. "ಊಟಕ್ಕೆ ಹೆಚ್ಚಿಬಿಟ್ಟೆನಲ್ಲಪ್ಪಾ."

ಓಡಿಹೋಗಿ ನೋಡಿದರೆ ಊಟದ ಮನೆಯಲ್ಲಿ ಆಗಲೇ ಎರಡು ಪಂಕ್ತಿ ಎದ್ದಿತ್ತು. ಬಣ್ಣದ ವಿಭಾಗದವರು ಕಿವಿಗಳನ್ನು ಮುಗಿಸಿದ್ದರು. ಉಳಿದದ್ದು ಮೂತಿಯ ಎಡಭಾಗ. ಅದನ್ನೇ ತಟ್ಟೆಯಲ್ಲಿಟ್ಟು ತಂದರು. ಅರ್ಧ ಮುಖವೇ ಆದರೂ ನಗು ಕಡಿಮೆಯಾಗಿರಲಿಲ್ಲ.

ಈಗ ಬರವಣಿಗೆಯ ಕಷ್ಟ. ದೇವರನ್ನು ಅಪಘಾತ ಕೊಡು ಎಂದು ಕೇಳುವುದು ಹೇಗೆ? ಬೊಂಗ್‌ಪಿಲ್ ಲೇಖನಿ ಹಿಡಿದು ಕೂತ. ನಾಲ್ಕು ಜನ ಸುತ್ತ ನಿಂತರು.

"ಈ ವಾಹನ ಗೋಡೆಗೆ ಗುದ್ದಲಿ ಅಂತ ಬರೀಲಾ ಸರ್?"

"ಯಾವ ಗೋಡೆ? ಕಾಂಪೌಂಡ್ ಗೋಡೆಗೆ ಗುದ್ದಿದ್ರೆ? ಪೂರ್ವದ ಕಡೆಯ ಪರೀಕ್ಷೆಯ ಗೋಡೆ ಅಂತ ಬರೀರಿ."

"ಜೋರಾಗಿ ಗುದ್ದಲಿ."

"ಜೋರಾಗಿ ಅಂದ್ರೆ ಎಷ್ಟು? ಅವರು ಇಷ್ಟಬಂದ ಹಾಗೆ ಮಾಡಿದ್ರೆ ಕಾರೂ ಇಲ್ಲ ಗೋಡೆನೂ ಇಲ್ಲ. ಗಂಟೆಗೆ ಅರವತ್ನಾಲ್ಕು ಕಿಲೋಮೀಟರ್ ಅಂತ ಹಾಕಿ."

"ಕಾರಿನ ಮೂತಿಯ ಎಡಗಡೆ ನೂರಕ್ಕೆ ನಲವತ್ತು ಪಾಲು ತಾಗ್ಬೇಕು ಅನ್ನೋದೂ ಸೇರಿಸಿ ಸರ್," ಎಂದಳು ಹೇರಿಮ್. "ಆಮೇಲೆ ನಮಗೆ ಹೇಳಿರ್ಲಿಲ್ಲ ಅನ್ಬಾರ್ದು."

"ಒಳಗಿನವರ ಕೂದಲೂ ಕೊಂಕದಿರಲಿ ಅನ್ನೋದನ್ನ ಮಾತ್ರ ಹಾಗೇ ಬಿಡಿ," ಎಂದರು ಯೊಮ್ ಸಾಹೇಬರು. "ಅದು ನಮಗೂ ಬೇಕು."

ಹೀಗೆ ಕಂಪನಿಯ ಇತಿಹಾಸದಲ್ಲೇ ಮೊದಲ ಬಾರಿಗೆ ದೇವರಿಗೆ ಅಳತೆಸಮೇತ ಒಂದು ಬಿನ್ನಹ ಸಿದ್ಧವಾಯಿತು. ಅಷ್ಟರಲ್ಲಿ ಕಾರನ್ನು ಮತ್ತೆ ಹಿಂದಕ್ಕೆ ತಳ್ಳಿ, ಗೊಂಬೆಗಳನ್ನು ಅಳತೆ ಹಿಡಿದು ಕೂರಿಸಿಯಾಗಿತ್ತು. ಬೊಂಗ್‌ಪಿಲ್ ಅದನ್ನು ಓದಿ, ಕಾರಿನ ಮುಂದೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದ.

ಮುಟ್ಟಿಸಿದವನಿಗೆ ಹೆಂಡದ ವಾಸನೆ ಬಡಿಯಿತು.

ಕಣ್ಣು ಬಿಟ್ಟ. ಮೂಗಿನ ತುದಿಯಿಂದ ಒಂದು ಗೇಣು ದೂರದಲ್ಲಿ ಮೊದಲನೆಯ ಗಾಜಿನ ಕಣ್ಣು. ಅದರ ಮೇಲೆ ಅಕ್ಕಿ ಹೆಂಡದ ಗಸಿ ಒಣಗಿ, ಮುದಿ ನಾಯಿಯ ಕಣ್ಣಿಗೆ ಬಂದ ಪೊರೆಯಂತೆ ಬೆಳ್ಳಗೆ ಕೂತಿತ್ತು. ಸೀಳಿನುದ್ದಕ್ಕೂ ನೋಡಿದ. ಉಕ್ಕಿನ ಹಗ್ಗ ಎರಡು ಸಲ ಓಡುವಾಗ ಹೆಂಡವನ್ನು ತನ್ನ ಜೊತೆ ಎಳೆದುಕೊಂಡು ಹೋಗಿ ಕಣ್ಣು ಕಣ್ಣಿಗೂ ಬಳಿದಿತ್ತು. ದಾರಿಗೆ ಅಡ್ಡ ನಿಂತವನು ಬೆಟ್ಟದೊಡೆಯನಲ್ಲ. ತಾಕ್ ಬೊಂಗ್‌ಪಿಲ್.

ಬಾಯಿ ತೆರೆದು ಹೇಳೋಣ ಎಂದುಕೊಂಡ. ಹೇಳಿದರೆ ಉಪ್ಪುಗುಂಡಿ. ಬಿನ್ನಹ ತಪ್ಪಾಗಿ ಬರೆದವನಿಗೆ ಕ್ಷಮೆಯುಂಟು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಹೆಂಡ ಕುಡಿಸಿದವನಿಗೆ ಇಲ್ಲ. ಬೊಂಗ್‌ಪಿಲ್ ಬಾಯಿ ಮುಚ್ಚಿದ. ಅಂಗಿಯ ತೋಳನ್ನು ಅಂಗೈಗೆ ಎಳೆದುಕೊಂಡು, ಹಣೆ ಎತ್ತದೆಯೇ ಮೊದಲನೆಯ ಕಣ್ಣನ್ನು ಒರೆಸಿದ. ಎದ್ದ. ಹತ್ತು ಹೆಜ್ಜೆ ನಡೆದ. ಎರಡನೆಯ ಕಣ್ಣಿನ ಮುಂದೆ ಮತ್ತೆ ಮಂಡಿಯೂರಿ ಮತ್ತೆ ಹಣೆ ಮುಟ್ಟಿಸಿದ.

"ಏನ್ ಮಾಡ್ತಿದಾರೆ ಇವರು?" ಎಂದು ಹೇರಿಮ್ ಪಿಸುಗುಟ್ಟಿದಳು.

"ಸುಮ್ನಿರಮ್ಮ," ಎಂದರು ದೊಡ್ಡಮ್ಮ. ಅವರ ಕಣ್ಣು ಒದ್ದೆಯಾಗಿತ್ತು. "ಗೋಡೆಯವರೆಗೂ ಅಡ್ಡಬೀಳ್ತಾನೆ. ನಮ್ಮಜ್ಜಿ ಕಾಲದಲ್ಲಿ ಹೀಗೆ ಮಾಡ್ತಿದ್ರಂತೆ."

ಬೊಂಗ್‌ಪಿಲ್ ಏಳುತ್ತ ಬೀಳುತ್ತ, ಹತ್ತು ಹೆಜ್ಜೆಗೊಂದು ನಮಸ್ಕಾರ ಹಾಕುತ್ತ, ಹದಿನಾಲ್ಕು ಕಣ್ಣುಗಳನ್ನೂ ಒರೆಸಿದ. ಕೊನೆಯ ನಮಸ್ಕಾರ ಮುಗಿಸಿ ಗೋಡೆಯ ಬುಡದಲ್ಲಿ ಏದುಸಿರು ಬಿಡುತ್ತ ತಲೆ ಎತ್ತಿದಾಗ ಎದುರಿಗೆ ಹೊಳೆಯುವ ಒಂದು ಜೊತೆ ಕಪ್ಪು ಬೂಟು ಕಾಣಿಸಿತು. ಅಧ್ಯಕ್ಷರು ಅರ್ಧ ಗಂಟೆ ಮುಂಚೆಯೇ ಬಂದು ಪಕ್ಕದ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು.

ಮೂರು ಗಂಟೆಗೆ ಹೇರಿಮ್ ಮತ್ತೆ ಐದರಿಂದ ಎಣಿಸಿದಳು. ಸಾನ್‌ಮಾರು ಬಾಣದಂತೆ ಹೋಗಿ ಗುದ್ದಿತು.

ಸದ್ದು ಎದೆಗೆ ತಾಗಿತು. ಗಾಜಿನ ಚೂರುಗಳು ಅಕ್ಷತೆಯಂತೆ ಹಾರಿ ಬಿದ್ದವು. ಹೊಗೆ ತಿಳಿಯಾದ ಮೇಲೆ ಹೋಗಿ ನೋಡಿದರೆ ಕಾರಿನ ಮೂತಿ ನುಗ್ಗಾಗಿತ್ತು. ಬಾಗಿಲಿನಿಂದ ಹಿಂದಕ್ಕೆ ಒಂದು ಸುಕ್ಕೂ ಇರಲಿಲ್ಲ. ಯೊಮ್ ಸಾಹೇಬರು ಎರಡು ಬೆರಳಿನಲ್ಲಿ ಹಿಡಿಕೆ ಎಳೆದರು. ಬಾಗಿಲು ಬೀರುವಿನ ಬಾಗಿಲಿನಂತೆ ಮೆತ್ತಗೆ ತೆರೆದುಕೊಂಡಿತು. ತಂದೆಗೊಂಬೆಯ ಮೂಗಿನ ನೀಲಿ ಗಾಳಿಚೀಲದ ನಟ್ಟನಡುವೆ ಅಂಟಿತ್ತು, ಬೇರೆಲ್ಲಿಯೂ ಇರಲಿಲ್ಲ. ಹಿಂದಿನ ಸೀಟಿನ ಮಕ್ಕಳು ತಿಂಡಿಗೆ ಕಾಯುತ್ತಿರುವಂತೆ ಕೂತಿದ್ದವು.

"ತಲೆ, ಕತ್ತು, ಎದೆ, ಮೊಣಕಾಲು, ಎಲ್ಲಾ ಹಸಿರು," ಎಂದು ಹೇರಿಮ್ ಕೂಗಿದಳು. "ವೇಗ ಅರವತ್ನಾಲ್ಕು. ಎಡಗಡೆ ನಲವತ್ತು ಪಾಲು. ಬರೆದ ಹಾಗೇ ಸರ್!"

ಐದು ನಕ್ಷತ್ರಕ್ಕೂ ಮಿಗಿಲಾದ ಅಂಕ. ಯೊಮ್ ಸಾಹೇಬರು ಬೊಂಗ್‌ಪಿಲ್‌ನ ಬೆನ್ನು ತಟ್ಟಿ, ಜೇಬಿನಿಂದ ಲೇಖನಿ ತೆಗೆದು, ವರ್ಗದ ಕಾಗದ ಬಿಚ್ಚಿದರು. ಲೇಖನಿ 'ಸಿ' ಅಕ್ಷರ ಬರೆದು ಮುಗಿಸುವಷ್ಟರಲ್ಲಿ ಅಧ್ಯಕ್ಷರು ಮಾತನಾಡಿದರು.

"ಪರೀಕ್ಷೆ ಯಾಕಪ್ಪಾ ಇಷ್ಟು ತಡ ಆಯ್ತು?"

ಯೊಮ್ ಸಾಹೇಬರು ತಡವರಿಸಿದರು. ಓಕ್‌ಬುನ್ ದೊಡ್ಡಮ್ಮ ತಡವರಿಸಲಿಲ್ಲ. ಮೊದಲನೆಯ ಬಿನ್ನಹ, ಎರಡು ಸಲ ಅಡ್ಡ ನಿಂತ ಬೆಟ್ಟದೊಡೆಯ, ಎರಡನೆಯ ಬಿನ್ನಹ, ಉದ್ದಂಡ ನಮಸ್ಕಾರ, ಎಲ್ಲವನ್ನೂ ಹೇಳಿದರು. ಅಧ್ಯಕ್ಷರು ಮೀನುಗಾರರ ಮನೆಯಲ್ಲಿ ಹುಟ್ಟಿದವರು. ಅವರ ತಂದೆ ಕಡಲಿಗೆ ಕೈಮುಗಿಯದೆ ಒಂದು ದಿನವೂ ದೋಣಿ ಇಳಿಸಿದವರಲ್ಲ. ಕೇಳಿ ಮುಗಿಸಿ, ಬಾಗಿಲಲ್ಲಿ ತೂಗುತ್ತಿದ್ದ ಒಣಮೀನನ್ನು ಬಹಳ ಹೊತ್ತು ನೋಡಿದರು.

"ನನ್ನ ಕಾರಿಗೂ ಒಂದು ಬಿನ್ನಹ ಓದಪ್ಪ," ಎಂದರು. "ಮೊದಲನೇದು."

ಬೇಡವೆನ್ನಲು ಬರುವಂತಿರಲಿಲ್ಲ. ಅಂಗಳದಲ್ಲಿ ಅಧ್ಯಕ್ಷರ ಕಪ್ಪು ಕಾರಿನ ಮುಂದೆ ಬೊಂಗ್‌ಪಿಲ್ ಹಳೆಯ ಬಿನ್ನಹವನ್ನೇ ಓದಿದ. ಹೆಂಡವನ್ನು ತಾನು ಹನಿಸುವುದಾಗಿ ಕೈ ಚಾಚಿದ. ಅಧ್ಯಕ್ಷರು ಕೊಡಲಿಲ್ಲ. "ನನ್ನ ಕಾರು, ನನ್ನ ಕೈ," ಎಂದು ದೊಡ್ಡಮ್ಮ ತಂದ ಹೊಸ ಕೆಟಲಿನಿಂದ ಚಕ್ರಗಳಿಗೆ ಸುರಿದರು. ಭಕ್ತಿ ಉಕ್ಕಿ ಬಂದು ಮುಂಭಾಗಕ್ಕೂ ಅಭಿಷೇಕ ಮಾಡಿದರು.

ಬೊಂಗ್‌ಪಿಲ್ ಹೆಂಡ ಹರಿದ ದಾರಿಯನ್ನು ನೋಡಿದ. ಆ ಕಾರಿನ ಮೂತಿಯಲ್ಲೂ ಒಂದು ಗಾಜಿನ ಕಣ್ಣಿತ್ತು.

ಅಧ್ಯಕ್ಷರು ಹತ್ತಿ ಕೂತರು. ಚಾಲಕ ಹೊರಡಿಸಿದ. ಕಾರು ಎರಡು ಗೇಣು ಮುಂದೆ ಹೋಗಿ ನಿಂತಿತು. ಮತ್ತೆ ಒತ್ತಿದ. ಮತ್ತೆ ನಿಂತಿತು.

"ಅಧ್ಯಕ್ಷರೇ," ಎಂದ ಚಾಲಕ, "ಮುಂದೆ ಏನೋ ಇದೆ ಅಂತ ತೋರಿಸ್ತಿದೆ."

ಅಂಗಳದಲ್ಲಿದ್ದವರೆಲ್ಲ ಖಾಲಿ ಜಾಗಕ್ಕೆ ಕೈಮುಗಿದರು. ಅಧ್ಯಕ್ಷರು ಕಾರಿನೊಳಗೇ ಬಾಗಿದರು.

"ಎರಡನೇ ಬಿನ್ನಹ ಓದ್ರಿ, ಬೇಗ!" ಎಂದರು ಯೊಮ್ ಸಾಹೇಬರು.

"ಸರ್, ಅದರಲ್ಲಿ ಅರವತ್ನಾಲ್ಕು ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಲಿ ಅಂತಿದೆ."

"ಹಾಗಾದ್ರೆ ಬೇಡ, ಬೇಡ. ಅಡ್ಡಬೀಳಿ, ಅಡ್ಡಬೀಳಿ!"

ಬೇರೆ ದಾರಿಯಿರಲಿಲ್ಲ. ಬೊಂಗ್‌ಪಿಲ್ ಕಾರಿನ ಮುಂದೆ ಮಂಡಿಯೂರಿ, ಏಳುವ ನೆಪದಲ್ಲಿ ಮೂತಿಗೆ ಕೈಯೂರಿ, ಅದೇ ತೋಳಿನಿಂದ ಕಣ್ಣನ್ನು ಒರೆಸಿದ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಹತ್ತು ಮಾರು ಹೋಗಿ ನಿಂತಿತು. ಕಿಟಕಿ ಇಳಿಯಿತು.

"ಯೊಮ್," ಎಂದರು ಅಧ್ಯಕ್ಷರು, "ಈ ಮನುಷ್ಯನನ್ನ ಸಿಯೋಲ್‌ಗೆ ಕಳಿಸ್ತಿದೀಯಂತೆ?"

"ಹೌದು ಸಾರ್. ತುಂಬಾ ಅರ್ಹರು."

"ಬುದ್ಧಿ ಇದೆಯಾ ನಿನಗೆ? ಸಿಯೋಲ್‌ನಲ್ಲಿ ಗೋಡೆ ಇದೆಯಾ? ನಾನಿರೋವರೆಗೂ ಇವನು ಗುದ್ದುಮನೆ ಬಿಟ್ಟು ಕದಲಬಾರದು. ಪ್ರತಿ ಕಾರಿಗೂ ಇವನೇ ಓದ್ಬೇಕು, ಇವನೇ ಗೋಡೆಯವರೆಗೆ ಅಡ್ಡಬೀಳ್ಬೇಕು."

ಸಿಯೋಲ್ ಹೋಯಿತು. ಹೋದ ಮೇಲೆ ಮುಚ್ಚಿಡುವುದೇನು? ಬೊಂಗ್‌ಪಿಲ್ ಓಡಿಹೋಗಿ ಕಿಟಕಿ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟ.

"ಅಧ್ಯಕ್ಷರೇ, ದೇವರ ಮಹಿಮೆ ಅಲ್ಲ, ಹೆಂಡ! ಗಾಜಿನ ಕಣ್ಣಿಗೆ ಹೆಂಡದ ಗಸಿ ಮೆತ್ತಿಕೊಂಡಿತ್ತು. ನಾನು ಅಡ್ಡಬಿದ್ದಿದ್ದು ಒರೆಸೋದಕ್ಕೆ. ನೋಡಿ ನನ್ನ ತೋಳು, ವಾಸನೆ ನೋಡಿ!"

ಅಧ್ಯಕ್ಷರು ಅವನ ತೋಳನ್ನಲ್ಲ, ಮುಖವನ್ನು ನೋಡಿದರು.

"ಕೇಳಿದೆಯಾ ಯೊಮ್? ಬೇರೆಯವರಾಗಿದ್ರೆ ನನ್ನ ಬಿನ್ನಹ, ನನ್ನ ಭಕ್ತಿ ಅಂತ ಡಂಗುರ ಹೊಡೀತಿದ್ರು. ಇವನು ಹೆಂಡದ ಮೇಲೆ ಹಾಕ್ತಾನೆ. ನಮ್ಮಪ್ಪ ಹೀಗೇ ಇದ್ದ."

ಕಿಟಕಿ ಏರಿತು. ಕಾರು ಗೇಟಿನ ಕಡೆಗೆ ಹೋಯಿತು.

ಯೊಮ್ ಸಾಹೇಬರು ಬೊಂಗ್‌ಪಿಲ್‌ನ ತೋಳನ್ನು ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ಜರ್ಮನಿಯಲ್ಲಿ ಓದಿದ್ದೆಲ್ಲ ಅವರಿಗೆ ಒಂದೇ ಉಸಿರಿನಲ್ಲಿ ವಾಪಸ್ಸು ಬಂತು.

"ಸೀಳಿಗೆ ಹೆಂಡ ಸುರಿದವನೇ," ಎಂದರು ಹಲ್ಲು ಕಚ್ಚಿ. "ನಿನ್ನನ್ನ ಈಗಿಂದೀಗ ಉಪ್ಪುಗುಂಡಿಗೆ ಹಾಕ್ತಿದ್ದೆ. ಅಧ್ಯಕ್ಷರು ಇಲ್ಲೇ ಇರ್ಬೇಕು ಅಂದ್ಬಿಟ್ರು. ಉಳ್ಕೊಂಡೆ."

ಅದೊಂದಾದರೂ ತಪ್ಪಿತಲ್ಲ ಎಂದು ಬೊಂಗ್‌ಪಿಲ್ ಉಸಿರು ಬಿಟ್ಟ. ಅಷ್ಟರಲ್ಲಿ ಅಧ್ಯಕ್ಷರ ಕಾರು ಗೇಟಿನಿಂದ ಹಿಮ್ಮುಖವಾಗಿ ಬಂದು ಪಕ್ಕದಲ್ಲಿ ನಿಂತಿತು.

"ಒಂದು ಮರೆತಿದ್ದೆ," ಎಂದರು ಅಧ್ಯಕ್ಷರು. "ಉಪ್ಪುಗುಂಡಿಯ ಕಾರುಗಳಿಗೆ ಈಚೆಗೆ ತುಕ್ಕು ಜಾಸ್ತಿಯಂತೆ. ವಾರಕ್ಕೆ ಎರಡು ದಿನ ಇವನನ್ನ ಅಲ್ಲಿಗೂ ಕಳಿಸು."

"ಅಗತ್ಯವಾಗಿ ಸಾರ್," ಎಂದರು ಯೊಮ್ ಸಾಹೇಬರು. ಇಡೀ ದಿನದಲ್ಲಿ ಅವರು ಮನಸಾರೆ ನಕ್ಕದ್ದು ಆಗಲೇ.

ಸಂಜೆ ಆರಕ್ಕೆ ಬೊಂಗ್‌ಪಿಲ್ ಮನೆ ತಲುಪಿದ. ಒಂದು ಕೈಯಲ್ಲಿ ದೊಡ್ಡಮ್ಮ ಪ್ರಸಾದವೆಂದು ಕಟ್ಟಿಕೊಟ್ಟ ಒಣಮೀನು, ಇನ್ನೊಂದು ಕೈಯಲ್ಲಿ 'ಸಿ' ಎಂದು ಬರೆದು ಹೊಡೆದುಹಾಕಿದ್ದ ಕಾಗದ. ಹೆಂಡತಿ ಬಾಗಿಲು ತೆರೆದು ಕಾಗದವನ್ನು ನೋಡಿದಳು. ಒಳಗೆ ಕೂರಿಸಿದಳು. ಒಂದೂ ಬಿಡದಂತೆ ಎಲ್ಲವನ್ನೂ ಹೇಳಿಸಿಕೊಂಡಳು. ಮಗಳು ಸೋಲ್ಬಿ ಮೀನಿನ ಬಾಯಿಗೆ ಬೆರಳು ಹಾಕಿ ನೋಡುತ್ತಿದ್ದಳು.

"ಅಂದ್ರೆ ಸೋಲ್ಬಿ ಅಪ್ಪ," ಎಂದಳು ಹೆಂಡತಿ ಕೊನೆಗೆ, "ನೀವು ಬಿನ್ನಹ ಓದಿ ಅಡ್ಡಬಿದ್ರೆ ಎಂಥ ದೊಡ್ಡವರೂ ಕರಗ್ತಾರೆ ಅಂತಾಯ್ತು."

"ಹಾಗಂತ ಅವರ ನಂಬಿಕೆ."

"ಹಾಗಾದ್ರೆ ಏಳಿ. ಬ್ಯೊನ್ ಅವರು ಜಾಡಿ ತುಂಬಾ ಎಲೆಕೋಸು ಉಪ್ಪಿಗೆ ಹಾಕೋಷ್ಟರಲ್ಲಿ ಕೆಳಗೆ ಹೋಗಿ ಜಾಡಿ ವಾಪಸ್ ಕೊಡಿ ಅಂತ ಓದಿ ಬನ್ನಿ."

ಬೊಂಗ್‌ಪಿಲ್ ಎದ್ದ. ಅಂಗಿಯ ತೋಳನ್ನು ಕೆಳಕ್ಕೆ ಎಳೆದುಕೊಂಡು, ಒಣಮೀನನ್ನು ಕಂಕುಳಲ್ಲಿಟ್ಟು, ಮೂರನೆಯ ಮಹಡಿಗೆ ಇಳಿದು ಕರೆಗಂಟೆ ಒತ್ತಿದ. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಉಪ್ಪಿನ ವಾಸನೆ ಬಂತು.